ಕಿವಿ ಮುಚ್ಚದ ಇಯರ್‌ಫೋನ್

“ಹಿಂದ್ಗಡೆಯಿಂದ ಮಾತು ಕೇಳಿಸಿದ್ರೆ ಕೈ ಎತ್ತು, ಅಷ್ಟೇ. ಬೇರೇನೂ ಮಾಡ್ಬೇಡ ಅಪ್ಪ,” ಎಂದು ಕೆಂಪರಾಜ್ ತಾನು ತಯಾರಿಸಿದ ಇಯರ್‌ಫೋನನ್ನು ತಂದೆಯ ಕಿವಿಗಳ ಮುಂದೆ ಸಿಕ್ಕಿಸಿ, ವಾಕ್‌ಮನ್ ಅನ್ನು ಅವನ ಅಂಗಿಯ ಜೇಬಿಗೆ ಇಳಿಬಿಟ್ಟ. ಬಾಣಸವಾಡಿಯ ಹಳೇ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುನಿಆಂಜನಪ್ಪ, ಹಾಡು ಶುರುವಾದದ್ದೇ ತಡ, ಕಾಲಿನ ಹೆಬ್ಬೆರಳಲ್ಲಿ ತಾಳ ಹಾಕತೊಡಗಿದ.

ಇಂದಿರಾನಗರದ ಒಂದು ಸಣ್ಣ ಕಂಪನಿ ಕೆಂಪರಾಜನಿಗೆ ಸಂಬಳ ಕೊಡುತ್ತಿದ್ದದ್ದು ಈ ಕೆಲಸಕ್ಕೇ. ಇಯರ್‌ಫೋನು ಕಿವಿಯೊಳಗೆ ಹೋಗಬಾರದು, ಕಿವಿಯ ಮುಂದೆ ಸುಮ್ಮನೆ ನಿಂತಿರಬೇಕು. ಹಾಡೂ ಇಂಪಾಗಿ ಕೇಳಬೇಕು, ಹಿಂದಿನಿಂದ ಬರುವ ಬಸ್ಸಿನ ಹಾರನ್ನೂ ಕೇಳಬೇಕು. ಕಿವಿಗೆ ಹತ್ತಿರ ತಂದರೆ ಹಾಡು ತುಂಬಿ ಬಂದು ಹೊರಗಿನ ಸದ್ದು ಅಡಗಿಹೋಗುತ್ತಿತ್ತು. ದೂರ ಸರಿಸಿದರೆ ಮೃದಂಗವೆಲ್ಲ ಬಿಸ್ಕತ್ತಿನ ಡಬ್ಬ ಬಡಿದಂತೆ ಕೇಳುತ್ತಿತ್ತು. ಸೋಮವಾರ ಸಾಹೇಬರ ಮುಂದೆ ಇದನ್ನು ತೋರಿಸಬೇಕು. ಮನುಷ್ಯ ತನ್ನ ಸುತ್ತಲಿನವರಿಗೆ ಕಿವಿಗೊಡಬೇಕೆಂಬ ವಿಷಯದಲ್ಲಿ ಕಂಪನಿಗೆ ಎಷ್ಟು ಕಳಕಳಿಯಿತ್ತೆಂದರೆ, ಮಾಲು ತಯಾರಾಗುವ ಮೊದಲೇ ಜಾಹೀರಾತು ತಯಾರಾಗಿತ್ತು.

ತಾಯಿ ಪಟಾಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಗ ಹೇಳಿಕೊಟ್ಟಂತೆ ಮಾಮೂಲಿ ದನಿಯಲ್ಲಿ, “ಊಟಕ್ಕೆ ಬನ್ನಿ,” ಎಂದಳು. ಮಾತು ಮುಗಿಯುವ ಮೊದಲೇ ಗಂಡನ ಕೈ ಮೇಲೆದ್ದಿತು. ಕೆಂಪರಾಜನ ಮುಖ ಅರಳಿತು.

“ಅದು ನಾನು ಬಾಯಿ ಬಿಡದಿದ್ರೂ ಅವರಿಗೆ ಕೇಳ್ಸುತ್ತೆ. ಬೇರೆ ಮಾತು ಹೇಳ್ತೀನಿ ಇರು,” ಎಂದಳು ಪಟಾಲಮ್ಮ.

“ಏನಾದ್ರೂ ಹೇಳಮ್ಮ. ನಂಗೆ ಸೌಂಡ್ ಮುಖ್ಯ.”

ಅವಳು ಸೆರಗು ಸರಿಮಾಡಿಕೊಂಡು ಅದೇ ದನಿಯಲ್ಲಿ ಹೇಳಿದಳು: “ಕೊಟ್ಟಿಗೆ ಜಾಗಕ್ಕೆ ಇವತ್ತು ಸೈನ್ ಹಾಕ್ಬೇಡಿ. ಎರಡು ಹಸು ಇಟ್ಕೊಂಡು ನನ್ ಪಾಡಿಗೆ ನಾನಿದ್ದೀನಿ. ಅವನ್ನ ಎಲ್ಲಿಗೆ ಹೊಡ್ಕೊಂಡು ಹೋಗ್ಲಿ?”

ಕೈ ಮೇಲೇಳಲಿಲ್ಲ. ಹೆಬ್ಬೆರಳು ಮಾತ್ರ ತಾಳ ತಪ್ಪಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಯಾವಾಗಲೋ ಸೈಟುಗಳಾಗಿ, ಸೈಟುಗಳು ಮೂರಂತಸ್ತಿನ ಮನೆಗಳಾಗಿದ್ದವು. ಉಳಿದದ್ದು ಮನೆಯ ಹಿಂದಿನ ಕೊಟ್ಟಿಗೆಯೊಂದೇ. ಅದರ ಕಾಗದ ಹಿಡಿದುಕೊಂಡು ಬ್ರೋಕರ್ ಮುನಿನಾರಾಯಣಪ್ಪ ಇವತ್ತು ಬರುವವನಿದ್ದ. ಹಬ್ಬ ಕಳೆದಾಗಿನಿಂದ ಪಟಾಲಮ್ಮ ಈ ಮಾತನ್ನು ಹೇಳುತ್ತಲೇ ಇದ್ದಳು, ಆಗ ಗಂಡನ ಕಿವಿಗೆ ಯಾವ ಇಯರ್‌ಫೋನೂ ಇರಲಿಲ್ಲ.

ಕೆಂಪರಾಜ್ ಹುಬ್ಬು ಗಂಟಿಕ್ಕಿದ. “ಲೇಡೀಸ್ ವಾಯ್ಸ್ ಬ್ಲಾಕ್ ಆಗ್ತಿದೆ,” ಎಂದು ಗೊಣಗಿಕೊಂಡು, ಇಯರ್‌ಫೋನಿನ ಪ್ಲಾಸ್ಟಿಕ್ ಬಟ್ಟಲಿಗೆ ಇನ್ನಷ್ಟು ತೂತು ಕೊರೆದು ಮತ್ತೆ ಸಿಕ್ಕಿಸಿದ. “ಚೆನ್ನಾಗಿ ಹೇಳ್ದೆ ಅಮ್ಮ. ಅದೇ ಲೆವೆಲ್‌ನಲ್ಲಿ ಇನ್ನೊಂದ್ಸಲ ಹೇಳು.”

ಅವಳು ಹೇಳಿದಳು.

“ದನಿ ನಡುಗಿಸ್ಬೇಡಮ್ಮ, ಟೆಸ್ಟು ಹಾಳಾಗುತ್ತೆ.”

ಈ ಸಲವೂ ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಗೇಟಿನಾಚೆ ಯಾರೋ ಮೆಲ್ಲಗೆ ಕೆಮ್ಮಿದರು. ಮುನಿಆಂಜನಪ್ಪನ ಕೈ ಗಕ್ಕನೆ ಮೇಲೆದ್ದಿತು. “ಮುನಿನಾರಾಯಣಪ್ಪ ಬಂದ ಅಂತ ಕಾಣುತ್ತೆ,” ಎಂದು ಇಯರ್‌ಫೋನನ್ನೂ ವಾಕ್‌ಮನ್ನನ್ನೂ ಕುರ್ಚಿಯ ಮೇಲಿಟ್ಟು ಗೇಟು ತೆಗೆಯಲು ಹೋದ. ಗಂಡಸರ ಕೆಮ್ಮು ಸಲೀಸಾಗಿ ದಾಟುವುದನ್ನು ಕಂಡು ಕೆಂಪರಾಜನಿಗೆ ತನ್ನ ಸಿದ್ಧಾಂತದ ಮೇಲೆ ಇನ್ನೂ ನಂಬಿಕೆ ಬಂತು. ದಪ್ಪ ಡ್ರಿಲ್ ಮುಳ್ಳು ತರಲು ಕೋಣೆಗೆ ಓಡಿದ. ಪಟಾಲಮ್ಮ ಕುರ್ಚಿಯ ಹತ್ತಿರ ಬಂದಳು.

ಬ್ರೋಕರನನ್ನು ಜಗಲಿಯ ಮೇಲೆ ಕೂರಿಸಿ ಮುನಿಆಂಜನಪ್ಪ ಒಳಗೆ ಬಂದ. “ಬೇಗ ಮುಗ್ಸಪ್ಪ, ಪಾಪ ಅವನು ಕಾಯ್ತಿದ್ದಾನೆ.”

“ಇದೊಂದೇ ಸಲ,” ಎಂದು ಕೆಂಪರಾಜ್ ಹೊಸ ತೂತುಗಳ ಬಟ್ಟಲನ್ನು ಕಿವಿಯಿಂದ ಇನ್ನೊಂದಿಷ್ಟು ದೂರ ಬಗ್ಗಿಸಿದ. ವಾಕ್‌ಮನ್ನನ್ನು ಜೇಬಿಗೆ ಹಾಕಿ ಗುಂಡಿ ಒತ್ತಿದ. “ಹಾಡು ಬರ್ತಿದೆಯಾ ಅಪ್ಪ?”

“ಬರ್ತಿದೆ, ಬರ್ತಿದೆ. ಮೊದಲಿಗಿಂತ ಚೆನ್ನಾಗೇ ಬರ್ತಿದೆ.” ಹೆಬ್ಬೆರಳು ಕೆಲಸ ಶುರುಮಾಡಿತು.

ಪಟಾಲಮ್ಮ ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂರನೇ ಸಲ ಹೇಳಿದಳು. ಈಗ ದನಿ ನಡುಗಲಿಲ್ಲ. ಮಗ ತಂದೆಯ ಕೈಯನ್ನೇ ನೋಡುತ್ತ ನಿಂತ. ಕೈ ತೊಡೆಯ ಮೇಲೆ ಹಾಯಾಗಿ ಬಿದ್ದಿತ್ತು.

“ಇದೂ ಫೇಲು. ಇನ್ನೂ ತೂತು ಬೇಕು,” ಎಂದು ಕೆಂಪರಾಜ್ ಡ್ರಿಲ್ಲಿಗೆ ಕೈ ಹಾಕಿದ.

“ಬೇಡ ಬಿಡು. ನಿನ್ ಮಿಷನ್ ಸರಿಯಾಗೇ ಐತೆ,” ಎಂದು ಪಟಾಲಮ್ಮ ಬಾಗಿಲಿನಿಂದ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ವಾಕ್‌ಮನ್ನಿನ ಎರಡೂ ಸೆಲ್ಲುಗಳಿದ್ದವು.

ಕೆಂಪರಾಜ್ ಸೆಲ್ಲುಗಳನ್ನು ನೋಡಿದ, ತಂದೆಯನ್ನು ನೋಡಿದ. ಬೆನ್ನ ಹಿಂದೆ ನಡೆಯುತ್ತಿದ್ದುದನ್ನು ಕಾಣದ ಮುನಿಆಂಜನಪ್ಪ ಕಣ್ಣು ಮುಚ್ಚಿಕೊಂಡು, ಇಲ್ಲದ ಹಾಡಿಗೆ ತಪ್ಪದೆ ತಾಳ ಹಾಕುತ್ತಿದ್ದ. ಮಗನಿಗೆ ನಗು ಬಂತು.

ಪಟಾಲಮ್ಮ ನಗಲಿಲ್ಲ. “ಅವರದ್ದು ಬಿಡು ರಾಜ. ನಿನ್ ಕಿವೀಲಿ ಏನೂ ಇರ್ಲಿಲ್ವಲ್ಲ. ಇಷ್ಟೊತ್ತೂ ನಾನು ಏನು ಹೇಳ್ತಿದ್ದೆ, ಹೇಳು ನೋಡಣ.”