ನ್ಯಾಯವಾದ ದರ

ಬೋರ್ಡಿನಲ್ಲಿ ಕನ್ನಡ ಅಂಕಿಗಳೇ ಇರಬೇಕೆಂದು ಕಳೆದ ವಾರ ಗೋಬಿ ಗಾಡಿಯವನ ಬಳಿ ಹಟ ಹಿಡಿದಿದ್ದ ಕನ್ನಡ ಮೇಷ್ಟ್ರು, ಇಂದು ಹೊಸ ಬೋರ್ಡಿನ ಮುಂದೆ ನಿಂತು ಕನ್ನಡಕ ಏರಿಸಿದರು.

“ಐವತ್ತರ ಪ್ಲೇಟು ಒಂದೇ ವಾರಕ್ಕೆ ಇಷ್ಟಾ? ಇದು ಗೋಬಿ ಮಂಚೂರಿಯಲ್ಲ ಕಣಯ್ಯಾ, ಜೇಬಿಗೆ ಚೂರಿ.”

“ಗ್ಯಾಸ್ ಏರಿದೆ, ಎಣ್ಣೆ ಏರಿದೆ ಸಾರ್.”

“ಎಣ್ಣೆ ಏರಿದೆ ಸಾರ್,” ಮೇಷ್ಟ್ರು ಅವನ ಮೂಗುದನಿಯನ್ನೇ ಅಣಕಿಸಿದರು. “ನಿಂಗೇ ಏರಿರಬೇಕು.”

ಸಾಲಿನಲ್ಲಿದ್ದ ಇಬ್ಬರು ನಗುತ್ತಾ ಎದುರಿನ ಗಾಡಿಗೆ ಹೋದರು. ಗಾಡಿಯವನು ಹೋದ ಗಿರಾಕಿಗಳನ್ನೇ ನೋಡುತ್ತಾ ನಿಂತ.

“ಅರವತ್ತು ತಗೋ, ನ್ಯಾಯವಾದ ದರ,” ಮೇಷ್ಟ್ರು ಚೌಕಾಸಿಗಿಳಿದರು. “ ತೊಂಬತ್ತು ಅಂದ್ರೆ ದರೋಡೆ.”

“ಬೋರ್ಡಲ್ಲಿರೋದೂ ಅರವತ್ತೇ ಸಾರ್,” ಗಾಡಿಯವನು ತಟ್ಟೆ ಚಾಚಿದ. “ಕನ್ನಡದಲ್ಲಿ ಆರು ಹಂಗೇ ಬರೆಯೋದು.”