ಬುಟ್ಟಿ ಎತ್ತದ ದಿನ

ರಸೆಲ್ ಮಾರುಕಟ್ಟೆಯ ಮುಂದೆ ಮುನಿವೆಂಕಟಪ್ಪ ಬಂದು ನಿಂತರೂ ಬೀದಿಬದಿಯ ಹೂವಾಡಗಿತ್ತಿಯರು ಯಾರೂ ಬುಟ್ಟಿ ಎತ್ತಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷವದು. ಅವನು ಪೊಲೀಸ್ ದಫೇದಾರಿಕೆಯಿಂದ ನಿವೃತ್ತನಾದ ಮರುದಿನ. ಪೇಟ, ಬೂಟು, ಲಾಠಿಗಳನ್ನು ಠಾಣೆಗೆ ಒಪ್ಪಿಸಿ, ಪಂಚೆಯುಟ್ಟು ಬಂದಿದ್ದನು.

ನಿನ್ನೆಯವರೆಗೆ ಅವನ ಬೂಟಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ದಾರಿಗೆ ಅಡ್ಡ ಕುಳಿತವರೆಲ್ಲ ಬುಟ್ಟಿ ಹೊತ್ತು ಚೆಲ್ಲಾಪಿಲ್ಲಿಯಾಗುತ್ತಿದ್ದರು. ನೆಲದ ಮೇಲೆ ಒಂದಿಷ್ಟು ಕನಕಾಂಬರ ಮಾತ್ರ ಉಳಿಯುತ್ತಿತ್ತು. ಆ ಗಲಿಬಿಲಿಯನ್ನೇ ಗೌರವವೆಂದು ಎಣಿಸುತ್ತ ಅವನಿಗೆ ಮುಪ್ಪಾಗಿತ್ತು. ಈಗ ತನ್ನ ಗುರುತೇ ಯಾರಿಗೂ ಉಳಿದಿಲ್ಲವೆಂದು ಎದೆ ಕುಂದಿ, ಹಲಸೂರಿನ ಕಡೆಗೆ ಸರಸರನೆ ಹೆಜ್ಜೆ ಹಾಕಿದನು.

“ದಫೇದಾರ್ರೇ, ಎಲ್ಲಿಗ್ ಓಡ್ತೀರಿ? ಓಡೋದು ನಮ್ ಕೆಲ್ಸ ಅಲ್ವಾ!” ಎಂದು ಹೂವಿನ ಅಂಜಿನಮ್ಮ ಕೂಗಿದಳು. ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಗೋಣಿತಾಟನ್ನು ಕೊಡವಿ ಹಾಸಿದಳು. “ಬನ್ನಿ, ಕೂತ್ಕೊಳ್ಳಿ. ಮೊಮ್ಮಗಳು ಹುಟ್ಟಿದ್ಳಂತೆ, ಏನ್ ಹೆಸ್ರಿಟ್ರಿ? ಆವತ್ತಿಂದ ಕೇಳ್ಬೇಕು ಅಂತಿದ್ದೆ. ಕೇಳೋಕ್ ನಿಂತಿದ್ರೆ ಬುಟ್ಟಿ ಠಾಣೆ ಸೇರ್ತಿತ್ತು.”

ಮುನಿವೆಂಕಟಪ್ಪ ಹಿಂದಿರುಗಿ ಬಂದನು. ಆಮೇಲೆ ಪಂಚೆ ಒತ್ತರಿಸಿಕೊಂಡು ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತನು.

“ಪಟಾಲಮ್ಮ ಅಂತ,” ಎಂದನು. “ನಮ್ಮಮ್ಮನ ಹೆಸ್ರು.”