ಎರಡು ಬಿಳಿ ಕ್ಯಾನು

ಕೆಲಸದ ಹೆಂಗಸರು ಮನೆಗೆ ಸಾಗಿಸಿ ಮಾರಿಕೊಳ್ಳುತ್ತಾರೆಂದು ಆಫೀಸು ಕಟ್ಟಡದ ಮ್ಯಾನೇಜರ್ ಸ್ಟೋರಿನ ಎಲ್ಲ ಕ್ಯಾನುಗಳ ಲೇಬಲ್ ಕೀಳಿಸಿದ್ದ. ಬ್ಲೀಚಿನದೂ ಬಿಳಿ ಕ್ಯಾನೇ, ಕಮೋಡಿನ ಕರೆ ತೆಗೆಯುವ ಆಸಿಡ್ಡಿನದೂ ಬಿಳಿ ಕ್ಯಾನೇ.

ಅತ್ತೆ ಸೊಸೆ ಇಬ್ಬರೂ ಅಲ್ಲೇ ಕ್ಲೀನಿಂಗ್ ಕೆಲಸಕ್ಕಿದ್ದರು. ನಾಲ್ಕನೇ ಮಹಡಿಯ ಶೌಚಾಲಯದಲ್ಲಿ ಸೊಸೆ ಮೊದಲ ಕ್ಯಾನಿನಿಂದ ಬಕೆಟ್ಟಿಗೆ ಸುರಿದುಕೊಂಡು, ಕುಕ್ಕರಗಾಲಲ್ಲಿ ಕೂತು ನೆಲ ಉಜ್ಜಿದಳು. ವಾಸನೆ ಮೂಗಿಗೆ ಹೊಡೆದರೆ ಮಾತ್ರ ಕ್ಲೀನು ಎನ್ನುವುದು ಮ್ಯಾನೇಜರನ ಕಾನೂನು. ಸಾಲದೆನಿಸಿ ಎರಡನೇ ಕ್ಯಾನಿನಿಂದಲೂ ಅದೇ ಬಕೆಟ್ಟಿಗೆ ಸುರಿದಳು. ಬಕೆಟ್ಟು ಬುಸುಗುಟ್ಟಿತು.

ಹೊರಗೆ ಕಾರಿಡಾರ್ ಒರೆಸುತ್ತಿದ್ದ ಅತ್ತೆಗೆ ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮೂ ಕೇಳಿಸಲಿಲ್ಲ. ಉಸಿರು ಬಿಗಿಹಿಡಿದು ಒಳನುಗ್ಗಿದವಳು ಸೊಸೆಯ ಕಂಕುಳಿಗೆ ಕೈಹಾಕಿ ದರದರ ಎಳೆದು ತಂದಳು. ಕಾಲಿನಿಂದಲೇ ಬಾಗಿಲು ದೂಡಿ ಮುಚ್ಚಿದಳು. ಮೆಟ್ಟಿಲ ಬಳಿಯ ಕಿಟಕಿ ತೆಗೆದು ಸೊಸೆಯ ಮುಖವನ್ನು ಹೊರಗೆ ಹಿಡಿದಳು. "ಉಸಿರು ತಗೋ! ತಗೋ ಅಂದೆ! ನನ್ನ ಮಾತು ಒಂದಿನಾದ್ರೂ ಕೇಳೇ!"

ಕೆಳಗಿನ ಕ್ಲಿನಿಕ್ಕಿನ ಡಾಕ್ಟರಮ್ಮ ಕಣ್ಣು ತೊಳೆಸಿ, ಆಮ್ಲಜನಕ ಕೊಟ್ಟು, ಎರಡು ಗಂಟೆಯಲ್ಲಿ ಮೂರು ಸಲ ಎದೆಗೆ ಸ್ಟೆತಸ್ಕೋಪು ಇಟ್ಟರು. ಮೂರನೇ ಸಲ ಅವರ ಹುಬ್ಬು ಸಡಿಲವಾಯಿತು. "ಶ್ವಾಸಕೋಶಕ್ಕೆ ಏನೂ ಆದ ಹಾಗಿಲ್ಲ. ಸಂಜೆವರೆಗೂ ಇಲ್ಲೇ ಇರಲಿ, ಉಸಿರು ಕಟ್ಟಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ನೀವು ಎಳೆದು ತಂದಿದ್ದೇ ಉಳಿಸ್ತು."

ಅತ್ತೆ ಗೋಡೆ ಹಿಡಿದು ನೆಲಕ್ಕೆ ಕುಸಿದು ಕೂತಳು. "ಮೂರು ವರ್ಷದಿಂದ ನಾನು ಎಷ್ಟು ಬೈದ್ರೂ ಒಂದು ಹನಿ ಕಣ್ಣೀರು ಹಾಕ್ದೋಳಲ್ಲ ಡಾಕ್ಟರಮ್ಮ ಇವಳು. ಒಂದು ಬಕೆಟ್ಟು ಅಳಿಸಿಬಿಡ್ತು ನೋಡಿ."

"ನಗಿಸ್ಬೇಡಿ ಅತ್ತೇ, ಎದೆ ಉರಿಯುತ್ತೆ," ಅಂದಳು ಸೊಸೆ, ಕೆಂಪು ಕಣ್ಣಲ್ಲೇ ನಗುತ್ತ.

"ಎರಡೂ ಬೇರೆ ಬೇರೆ ಇದ್ರೆ ಕೆಲಸಕ್ಕೆ ಬರೋವೇ," ಅಂದರು ಡಾಕ್ಟರಮ್ಮ. "ಬ್ಲೀಚಿಗೆ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ. ಅದು ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡೇ ಹರಡುತ್ತೆ. ನಿಂತವರಿಗಿಂತ ಮೊದಲು ಕೂತು ಉಜ್ಜೋರನ್ನ ಹಿಡಿಯುತ್ತೆ."

"ನೋಡಿದ್ರಾ, ಅದಕ್ಕೂ ಗೊತ್ತು ಯಾರನ್ನ ಹಿಡೀಬೇಕು ಅಂತ," ಅಂದಳು ಅತ್ತೆ.

ಡಾಕ್ಟರಮ್ಮ ನಗಲಿಲ್ಲ. "ಲೇಬರ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೀನಿ. ಮಧ್ಯಾಹ್ನ ಬರ್ತಾರೆ. ಕ್ಯಾನುಗಳು ಹೇಗಿವೆಯೋ ಹಾಗೇ ಇರಬೇಕು."

ಅತ್ತೆ ಮೇಲೆ ಹತ್ತಿ ಹೋದಾಗ ಮ್ಯಾನೇಜರ್ ಎರಡೂ ಕ್ಯಾನುಗಳನ್ನು ಮೆಟ್ಟಿಲ ತುದಿಗೆ ತರಿಸಿಟ್ಟುಕೊಂಡು ಕಾಯುತ್ತಿದ್ದ.

"ಹುಷಾರಾಗಿದಾಳೆ ತಾನೇ? ಸದ್ಯ, ದೇವರು ದೊಡ್ಡವನು. ಇನ್‌ಸ್ಪೆಕ್ಟರ್ ಬರ್ತಾರಂತಲ್ಲ, ಅಷ್ಟರೊಳಗೆ ಇವೆರಡನ್ನೂ ಸಿಂಕಿಗೆ ಸುರಿದು ಕ್ಯಾನು ತೊಳೆದಿಡು."

"ಎರಡನ್ನೂ?"

"ಎರಡನ್ನೂ."

"ಒಂದೇ ಸಿಂಕಿಗೆ?"

"ನಿನಗೋಸ್ಕರ ಇನ್ನೊಂದು ಸಿಂಕು ಕಟ್ಟಿಸ್ಲಾ? ಬೇಗ ಹೊರಡು. ಅತ್ತೆ ಸೊಸೆ ಇಬ್ಬರಿಗೂ ಕೆಲಸ ಬೇಕೋ ಬೇಡ್ವೋ?"

ಅವಳು ಎರಡರ ಮುಚ್ಚಳವನ್ನೂ ಮುಟ್ಟಿ ನೋಡಿ ಇನ್ನೊಂದು ಸುತ್ತು ಬಿಗಿ ಮಾಡಿದಳು. ಮೆಟ್ಟಿಲ ಮೇಲೆ ಕೂತಳು. ಕಚ್ಚಾಡುವ ಮಕ್ಕಳನ್ನು ಬಿಡಿಸಿ ಕೂರಿಸಿಕೊಳ್ಳುವ ಹಾಗೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಎಳೆದುಕೊಂಡು ಎರಡರ ಮೇಲೂ ತೋಳು ಹಾಕಿದಳು.

"ನಾನು ಸುರಿಯಲ್ಲ. ಇಲ್ಲಿಂದ ಏಳೋದೂ ಇಲ್ಲ," ಅಂದಳು. "ಅಷ್ಟು ಅವಸರ ಇದ್ರೆ ನೀವೇ ಒಳಗೆ ಹೋಗಿ ಸುರೀರಿ ಸಾರ್. ಹೊರಗಿಂದ ಬಾಗಿಲು ನಾನು ಹಾಕ್ತೀನಿ."